ಬಾಸ್ಟನ್ ನಗರದ ಷಾ ಸ್ಮಾರಕಶಿಲ್ಪ: ಅದರ ಇತಿಹಾಸ ಮತ್ತು ಜೀರ್ಣೋದ್ಧಾರ

೧

ಜೀರ್ಣೋದ್ಧಾರವೆಂಬ ಶಬ್ದ ನಮ್ಮ ಭಾಷೆಗೆ ಹೊಸತಲ್ಲ. ಜೀರ್ಣವಾದುದನ್ನು ಮೇಲೆತ್ತಿ ನಿಲ್ಲಿಸುವುದೆಂಬುದು ಅದರ ನೇರವಾದ ಅರ್ಥ. ಪೂಜೆ ನಡೆಯುತ್ತಿರುವ ದೇವಾಲಯದಲ್ಲಿ ಬಿದ್ದ ಗೋಡೆಯನ್ನು ಕಟ್ಟುವುದು, ಬಿರುಕುಬಿಟ್ಟ ಶಿಖರವನ್ನು ಸರಿಪಡಿಸುವುದು ಪೂಜೆಯ ಮುಂದುವರಿಕೆಗಾಗಿ; ಅಲ್ಲಿ ಉದ್ದೇಶದ ವಿಷಯದಲ್ಲಿ ಸಂದೇಹ ಹುಟ್ಟುವ ಸಂದರ್ಭಗಳು ಕಡಿಮೆ. ಆದರೆ ನಗರದ ಉದ್ಯಾನವೊಂದರಲ್ಲಿ, ಸಾರ್ವಜನಿಕರ ನೆನಪಿಗಾಗಿ ನಿಲ್ಲಿಸಿದ ಶಿಲ್ಪವು ಜೀರ್ಣವಾದಾಗ ನಾವು ಉದ್ಧರಿಸಬೇಕಾದುದು ಯಾವುದನ್ನು? ಅದರ ಕಂಚನ್ನೆ? ಶಿಲ್ಪಿಯ ಸಂಕಲ್ಪವನ್ನೆ? ಅಥವಾ ಯಾರ ನೆನಪಿಗಾಗಿ ಆ ಶಿಲ್ಪ ಹುಟ್ಟಿತೋ ಅವರಿಗೆ ಸಲ್ಲಬೇಕಾದ ಗೌರವವನ್ನೆ? ಈ ಮೂರೂ ಒಂದೇ ಆಗಿದ್ದ ಪಕ್ಷದಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಅವು ಬೇರೆ ಬೇರೆಯಾಗಿದ್ದಾಗ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಇದಕ್ಕೆ ನಾವು ಆರಿಸಿಕೊಂಡಿರುವ ಉದಾಹರಣೆ ಅಮೆರಿಕದ ಬಾಸ್ಟನ್ ನಗರದ 'ಬಾಸ್ಟನ್ ಕಾಮನ್' ಎಂಬ ಉದ್ಯಾನದಲ್ಲಿರುವ ಷಾ ಸ್ಮಾರಕ. ೧೬೩೪ರಷ್ಟು ಹಿಂದೆಯೇ ಊರ ಸಾಮಾನ್ಯ ಭೂಮಿಯಾಗಿ ಮೀಸಲಾದ ಈ ಉದ್ಯಾನದ ಅಂಚಿನಲ್ಲಿ, ಬೀಕನ್ ಬೀದಿಯ ಬದಿಗೆ, ರಾಜ್ಯದ ಶಾಸನಭವನಕ್ಕೆ ಎದುರಾಗಿ ಅದು ನಿಂತಿದೆ. ಸುಮಾರು ೧೧ ಅಡಿ ಎತ್ತರ, ೧೪ ಅಡಿ ಅಗಲದ ಕಂಚಿನ ಉಬ್ಬುಶಿಲ್ಪವನ್ನು ಕಲ್ಲಿನ ಚೌಕಟ್ಟಿನಲ್ಲಿ ಕೂಡಿಸಲಾಗಿದೆ. ಕುದುರೆಯ ಮೇಲೆ ಕುಳಿತ ಬಿಳಿಯ ಕರ್ನಲ್, ಅವನ ಜೊತೆಯಲ್ಲಿ ಬಂದೂಕುಗಳನ್ನು ಹೆಗಲಿಗೇರಿಸಿ ಕಾಲ್ನಡೆಯಲ್ಲಿ ಸಾಗುವ ಕಪ್ಪು ಸೈನಿಕರು, ಮುಂಭಾಗದಲ್ಲಿ ನಗಾರಿ ಬಾರಿಸುವ ಹುಡುಗ, ಮೇಲೆ ತೇಲುವ ದೇವತೆ: ಇಷ್ಟು ಅದರ ವಸ್ತು. ೧೮೯೭ರಲ್ಲಿ ಅನಾವರಣಗೊಂಡ ಈ ಶಿಲ್ಪ ೧೯೮೦ರ ದಶಕದ ಆರಂಭದಲ್ಲಿ ಒಮ್ಮೆ, ೨೦೨೦-೨೧ರಲ್ಲಿ ಇನ್ನೊಮ್ಮೆ ಜೀರ್ಣೋದ್ಧಾರ ಹೊಂದಿತು. ಮೊದಲನೆಯದು ಹೊರನೋಟಕ್ಕೆ ಚಿಕ್ಕದು, ಎರಡನೆಯದು ದೊಡ್ಡದು. ಆದರೆ ನಮ್ಮ ಪ್ರಶ್ನೆಗೆ ಉತ್ತರ ದೊರೆಯುವುದು ಮೊದಲನೆಯದರಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

೨

ಶಿಲ್ಪವನ್ನು ಅರಿಯಲು ಅದರ ಹಿಂದಿನ ಘಟನೆಯನ್ನು ಸಂಗ್ರಹವಾಗಿಯಾದರೂ ತಿಳಿದಿರಬೇಕು. ೧೮೬೧ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದ ಮೊದಮೊದಲಲ್ಲಿ ಉತ್ತರದವರ ಸೈನ್ಯದಲ್ಲಿಯೂ ಕಪ್ಪು ಜನರಿಗೆ ಆಯುಧ ಹಿಡಿಯುವ ಅವಕಾಶ ಬಹುಮಟ್ಟಿಗೆ ಇರಲಿಲ್ಲ. ೧೮೬೩ರ ಜನವರಿ ೧ರಂದು ಲಿಂಕನ್ನನ ದಾಸ್ಯವಿಮೋಚನೆಯ ಘೋಷಣೆ ಹೊರಬಿದ್ದ ತರುವಾಯ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರೂ ಕಪ್ಪು ಸೈನಿಕರ ಪದಾತಿದಳವೊಂದನ್ನು ಕಟ್ಟಿದನು. ಅದೇ ೫೪ನೆಯ ಪದಾತಿದಳ. ಸೈನಿಕರು ಕಪ್ಪು ಜನರಾದರೂ ಅಧಿಕಾರಿಗಳು ಬಿಳಿಯರೇ ಆಗಿರಬೇಕೆಂಬುದು ಅಂದಿನ ಕಟ್ಟಳೆ. ದಾಸ್ಯವಿರೋಧಿ ಮನೆತನದಲ್ಲಿ ಹುಟ್ಟಿದ ರಾಬರ್ಟ್ ಗೂಲ್ಡ್ ಷಾ ಎಂಬ ತರುಣನು ಅದರ ನಾಯಕನಾದನು. ದಾಸ್ಯದಿಂದ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯೆನಿಸಿದ ಫ್ರೆಡರಿಕ್ ಡಗ್ಲಸ್ ಈ ದಳಕ್ಕೆ ಸೇರುವಂತೆ ತನ್ನ ಜನರನ್ನು ಹುರಿದುಂಬಿಸಿದುದಲ್ಲದೆ ತನ್ನ ಇಬ್ಬರು ಮಕ್ಕಳನ್ನೂ ಕಳುಹಿಸಿದನು.

೧೮೬೩ರ ಮೇ ೨೮ರಂದು ದಳವು ಬೀಕನ್ ಬೀದಿಯ ಮೂಲಕ, ಶಾಸನಭವನದ ಮುಂದಿನಿಂದ, ಯುದ್ಧಕ್ಕೆ ಹೊರಟಿತು. ಸ್ಮಾರಕವಿರುವ ಸ್ಥಳ ಆ ದಾರಿಯೇ. ಎರಡು ತಿಂಗಳೂ ತುಂಬುವ ಮೊದಲು, ಜುಲೈ ೧೮ರಂದು, ಚಾರ್ಲ್‌ಸ್ಟನ್ ಬಂದರಿನ ಬಾಯಿಯಲ್ಲಿದ್ದ ವಾಗ್ನರ್ ಕೋಟೆಯ ಮೇಲೆ ಅದು ಏರಿಹೋಯಿತು. ಸುಮಾರು ೬೦೦ ಮಂದಿಯಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕವರು ಮಡಿದರು, ಗಾಯಗೊಂಡರು, ಇಲ್ಲವೆ ಸೆರೆಯಾದರು. ಕೋಟೆ ವಶವಾಗಲಿಲ್ಲ. ೨೫ ವರ್ಷ ವಯಸ್ಸಿನ ಷಾ ಕೋಟೆಯ ಗೋಡೆಯ ಮೇಲೆಯೇ ಸತ್ತನು. ಶತ್ರುಗಳು ಅವನ ಶವವನ್ನು ಅವನ ಸೈನಿಕರೊಡನೆ ಒಂದೇ ಹಳ್ಳದಲ್ಲಿ ಹೂಳಿದರು. ಬಿಳಿಯ ಅಧಿಕಾರಿಗೆ ಇದು ಅವಮಾನವೆಂದು ಅವರ ಎಣಿಕೆ. ತಂದೆಯಾದ ಫ್ರಾನ್ಸಿಸ್ ಷಾ ಮಾತ್ರ ಮಗನು ತನ್ನ ಸೈನಿಕರ ನಡುವೆ ಮಲಗಿರುವುದೇ ಯೋಗ್ಯವೆಂದು ತಿಳಿಸಿ ಶವವನ್ನು ಹೊರತೆಗೆಯಬಾರದೆಂದು ಕೇಳಿಕೊಂಡನು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾಗದು. ಬಿಳಿಯ ಸೈನಿಕನಿಗೆ ತಿಂಗಳಿಗೆ ೧೩ ಡಾಲರು ಸಂಬಳವಿದ್ದರೆ ಕಪ್ಪು ಸೈನಿಕನಿಗೆ ಗೊತ್ತುಮಾಡಿದುದು ೧೦. ಅದರಲ್ಲಿಯೂ ಬಟ್ಟೆಗೆಂದು ೩ ಡಾಲರು ಕಡಿತ. ೫೪ನೆಯ ದಳದವರು ಈ ಸಂಬಳವನ್ನು ಮುಟ್ಟಲೇ ಇಲ್ಲ. ಕೊರತೆಯನ್ನು ತಾನು ತುಂಬಿಕೊಡುವೆನೆಂದು ಅವರ ರಾಜ್ಯವೇ ಮುಂದೆ ಬಂದಾಗಲೂ ಅವರು ಒಪ್ಪಲಿಲ್ಲ. ಅವರು ಕೇಳಿದುದು ಸಮಾನತೆಯನ್ನು. ರಾಜ್ಯ ಕೊಡಲು ಬಂದುದು ಹಣವನ್ನು. ೧೮೬೪ರ ಜೂನ್‌ನಲ್ಲಿ ಕಾಂಗ್ರೆಸ್ಸು ಶಾಸನ ಮಾಡುವವರೆಗೂ ಅವರು ಸಂಬಳವಿಲ್ಲದೆ ಹೋರಾಡಿದರು. ಕಂಚಿನಲ್ಲಿ ನಡೆಯುತ್ತಿರುವವರು ಇಂಥವರು ಎಂಬುದು ನೋಡುವವನ ಮನಸ್ಸಿನಲ್ಲಿರಬೇಕು.

ಷಾನಿಗೆ ಸ್ಮಾರಕವಾಗಬೇಕೆಂಬ ಸಂಕಲ್ಪ ಮೊದಲು ಹುಟ್ಟಿದುದೂ ಈ ಸೈನಿಕರಲ್ಲಿಯೇ. ಕೋಟೆಯ ಬಳಿಯಲ್ಲಿಯೇ ಒಂದು ಗುರುತನ್ನು ನಿಲ್ಲಿಸಬೇಕೆಂದು ಅವರೂ ಆ ಭಾಗದ ವಿಮುಕ್ತ ದಾಸರೂ ಹಣ ಕೂಡಿಸಿದರು. ಅಲ್ಲಿಯ ನೆಲವೂ ಜನವೂ ಅನುಕೂಲವಾಗಿರಲಿಲ್ಲ. ಆ ಹಣ ಚಾರ್ಲ್‌ಸ್ಟನ್ನಿನಲ್ಲಿ ಷಾನ ಹೆಸರಿನ ಶಾಲೆಗೆ ಸಂದಿತು. ಬಾಸ್ಟನ್ನಿನ ಸ್ಮಾರಕಕ್ಕೆ ೧೮೬೫ರಲ್ಲಿ ಮೊದಲಾಗಿ ಪ್ರಯತ್ನಿಸಿದವನು ಜೋಷುವಾ ಸ್ಮಿತ್ ಎಂಬ ಕಪ್ಪು ಜನಾಂಗದ ವ್ಯಾಪಾರಿ. ಕಾಲಕ್ರಮದಲ್ಲಿ ಸಮಿತಿ ಬಿಳಿಯ ಗಣ್ಯರ ಕೈಗೆ ಬಂದಿತು. ನೆನಪನ್ನು ಆರಂಭಿಸಿದವರು ಒಬ್ಬರು, ಅದಕ್ಕೆ ರೂಪವನ್ನು ನಿರ್ಣಯಿಸಿದವರು ಇನ್ನೊಬ್ಬರು. ಮುಂದಿನ ತೊಡಕಿನ ಬೀಜ ಇಲ್ಲಿದೆ.

೩

ಶಿಲ್ಪದ ಕೆಲಸವನ್ನು ವಹಿಸಿಕೊಂಡವನು ಆಗಸ್ಟಸ್ ಸೇಂಟ್-ಗಾಡನ್ಸ್. ೧೮೪೮ರಲ್ಲಿ ಡಬ್ಲಿನ್ನಿನಲ್ಲಿ ಫ್ರೆಂಚ್ ತಂದೆಗೂ ಐರಿಷ್ ತಾಯಿಗೂ ಹುಟ್ಟಿದ ಈತ ನ್ಯೂಯಾರ್ಕಿನಲ್ಲಿ ಬೆಳೆದವನು. ತಂದೆ ಪಾದರಕ್ಷೆ ಮಾಡುವವನು. ಹರಳಿನ ಮೇಲೆ ಮುಖಗಳನ್ನು ಕೊರೆಯುವ ಕಸಬನ್ನು ಕಲಿತು, ತರುವಾಯ ಪ್ಯಾರಿಸ್ಸಿನಲ್ಲಿ ಶಿಲ್ಪವಿದ್ಯಾಭ್ಯಾಸ ಮಾಡಿದನು. ೧೮೮೪ರಲ್ಲಿ ಒಪ್ಪಂದವಾಯಿತು; ಕೆಲಸ ಮುಗಿದುದು ೧೮೯೭ರಲ್ಲಿ. ಕಲ್ಲಿನ ಚೌಕಟ್ಟು ಮತ್ತು ಜಗತಿಯ ವಿನ್ಯಾಸ ಚಾರ್ಲ್ಸ್ ಮೆಕಿಮ್ ಎಂಬ ವಾಸ್ತುಶಿಲ್ಪಿಯದು.

ಸೇಂಟ್-ಗಾಡನ್ಸ್ ಮೊದಲು ಯೋಚಿಸಿದುದು ಷಾ ಒಬ್ಬನದೇ ಅಶ್ವಾರೂಢ ಪ್ರತಿಮೆಯನ್ನು. ಅಂಥ ಪ್ರತಿಮೆ ಮಹಾಸೇನಾನಿಗಳಿಗೆ ಸಲ್ಲುವುದೇ ಹೊರತು ತಮ್ಮ ಮಗನಂತಹ ಕರ್ನಲ್‌ಗೆ ಸಲ್ಲದೆಂದು ಷಾನ ಮನೆಯವರು ಆಕ್ಷೇಪಿಸಿದರು. ಆಗ ಶಿಲ್ಪಿ ನಾಯಕನನ್ನೂ ಸೈನಿಕರನ್ನೂ ಕೂಡಿಸಿ ಉಬ್ಬುಶಿಲ್ಪವನ್ನು ಕಲ್ಪಿಸಿದನು. ಒಂದು ಮನೆಯವರ ವಿನಯದಿಂದ ಅಮೆರಿಕದ ಶಿಲ್ಪಕಲೆಯಲ್ಲಿ ಹೊಸತೊಂದು ಬಾಗಿಲು ತೆರೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇದರ ಹೊಸತನವನ್ನು ಅರಿಯಲು ಅದೇ ಕಾಲದ ಇನ್ನೊಂದು ಶಿಲ್ಪದೊಡನೆ ಹೋಲಿಸಬೇಕು. ಥಾಮಸ್ ಬಾಲ್ ಎಂಬ ಶಿಲ್ಪಿಯ ದಾಸ್ಯವಿಮೋಚನೆಯ ಸ್ಮಾರಕ ವಾಷಿಂಗ್‌ಟನ್ನಿನಲ್ಲಿ ೧೮೭೬ರಲ್ಲಿ ಸ್ಥಾಪಿತವಾಯಿತು. ಅದರ ಪ್ರತಿಯೊಂದು ೧೮೭೯ರಲ್ಲಿ ಬಾಸ್ಟನ್ನಿಗೂ ಬಂದಿತು. ಅದರಲ್ಲಿ ಲಿಂಕನ್ ನಿಂತಿರುವನು. ಅವನ ಕಾಲ ಬಳಿ ಅರೆಬೆತ್ತಲೆಯ ಕಪ್ಪು ಮನುಷ್ಯ ಮಂಡಿಯೂರಿರುವನು. ಬಿಡುಗಡೆಯೆಂಬುದು ಅಲ್ಲಿ ಮೇಲಿನಿಂದ ಕೆಳಗೆ ಬಂದ ಅನುಗ್ರಹ. ಷಾ ಸ್ಮಾರಕದಲ್ಲಿ ಮಂಡಿಯೂರಿದವರು ಒಬ್ಬರೂ ಇಲ್ಲ. ಎಲ್ಲರೂ ಸಮವಸ್ತ್ರ ಧರಿಸಿ, ಬೆನ್ನಿಗೆ ಹಾಸಿಗೆಯ ಸುರುಳಿ, ಪಕ್ಕದಲ್ಲಿ ನೀರಿನ ಕುಪ್ಪಿ ತಗುಲಿಸಿಕೊಂಡು ಒಂದೇ ದಿಕ್ಕಿಗೆ ನಡೆಯುತ್ತಿರುವರು. ಓರೆಯಾಗಿ ಏರಿರುವ ಬಂದೂಕುಗಳ ಸಾಲು, ಮುಂದಿಟ್ಟ ಕಾಲುಗಳ ಸಾಲು, ಇವೆರಡರಿಂದ ಕಂಚಿಗೆ ನಡೆಯ ಲಯ ಬಂದಿದೆ. ಈ ಸಮಾನ ಲಯದ ನಡುವೆ ಮುಖಗಳು ಮಾತ್ರ ಒಂದರಂತೆ ಒಂದಿಲ್ಲ. ಗಡ್ಡ ಬಿಟ್ಟ ನಡುವಯಸ್ಸಿನವನ ಬಿಗಿದ ಹುಬ್ಬು, ಮೀಸೆ ಮೂಡದ ತರುಣನ ಎತ್ತಿದ ಗಲ್ಲ: ಒಬ್ಬೊಬ್ಬನಿಗೂ ತನ್ನದೇ ಆದ ಮನಸ್ಸಿದೆಯೆಂದು ಶಿಲ್ಪಿ ನಂಬಿಸುವನು. ಒಂದು ಜನಾಂಗವನ್ನು ಒಂದೇ ಅಚ್ಚಿನ ಮುಖದಿಂದ ತೋರಿಸುವುದು ರೂಢಿಯಾಗಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೂ ವಿಮರ್ಶೆಯ ದೃಷ್ಟಿಯಿಂದ ಎರಡು ಮಾತನ್ನು ಹೇಳಬೇಕು. ಮೊದಲನೆಯದು, ರಚನೆಯಲ್ಲಿಯೇ ಇರುವ ಮೇಲುಕೀಳು. ಷಾ ಮತ್ತು ಅವನ ಕುದುರೆ ಬಹುಮಟ್ಟಿಗೆ ಪೂರ್ಣಶಿಲ್ಪವಾಗಿ ಮುಂದೆ ಚಾಚಿಕೊಂಡಿವೆ. ಸೈನಿಕರು ಹಂತಹಂತವಾಗಿ ಹಿನ್ನೆಲೆಗೆ ಸರಿಯುವರು, ಕುದುರೆಯ ಒಡಲು ಕೆಲವರನ್ನು ಮರೆಮಾಡುವುದು. ಎರಡನೆಯದು ಇನ್ನೂ ಮುಖ್ಯವಾದುದು. ಆ ಮುಖಗಳು ೫೪ನೆಯ ದಳದವರ ಮುಖಗಳಲ್ಲ. ಸೇಂಟ್-ಗಾಡನ್ಸ್ ನ್ಯೂಯಾರ್ಕಿನಲ್ಲಿ ಕಪ್ಪು ಜನರನ್ನು ಕೂಲಿಗೆ ಕರೆತಂದು ಸುಮಾರು ೪೦ ತಲೆಗಳನ್ನು ಮಣ್ಣಿನಲ್ಲಿ ರೂಪಿಸಿ, ಅವುಗಳಲ್ಲಿ ತನಗೆ ಬೇಕಾದುವನ್ನು ಆರಿಸಿಕೊಂಡನು. ಅವನ ಆತ್ಮಕಥೆಯಲ್ಲಿ ಈ ಮಾದರಿಗಳನ್ನು ಕುರಿತ ಮಾತುಗಳಲ್ಲಿ ಅಂದಿನ ಬಿಳಿಯರ ತಾತ್ಸಾರವೂ ಬೆರೆತಿದೆ. ಷಾನ ಮುಖಕ್ಕೆ ಭಾವಚಿತ್ರದ ಆಧಾರವಿದೆ. ಉಳಿದವರದು ಇನ್ನಾರದೋ ಮುಖ. ಕೈಗೆ ತಿಳಿದ ಗೌರವ ಬಾಯಿಗೆ ತಿಳಿಯದೆ ಹೋದುದಕ್ಕೆ ಇದೊಂದು ನಿದರ್ಶನ. ಶಿಲ್ಪವನ್ನು ನಾವು ಶಿಲ್ಪಿಯ ಕೈಯಿಂದ ಅಳೆಯಬೇಕೆಂಬುದು ನಿಜ. ಆದರೆ ಸ್ಮಾರಕವನ್ನು ಅಷ್ಟರಿಂದಲೇ ಅಳೆಯಲಾಗದು.

ಮೇಲೆ ತೇಲುವ ದೇವತೆಯ ವಿಷಯದಲ್ಲಿ ಶಿಲ್ಪಿಗೇ ನೆಮ್ಮದಿಯಿರಲಿಲ್ಲ. ಅವಳು ಬೇಡವೆಂದು ಅವನ ಮಿತ್ರನಾದ ಪಾಲ್ ಬಿಯಾನ್ ವಾದಿಸಿದ್ದನು. ಅವನು ಅವಳನ್ನು ಬಿಡಲಿಲ್ಲ. ಅನಾವರಣವಾದ ಮೇಲೂ ಗಾರೆಯ ಪ್ರತಿಯ ಮೇಲೆ ಕೆಲಸ ಮಾಡುತ್ತ ಅವಳ ರೂಪವನ್ನು ತಿದ್ದಿದನು. ೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿಯೂ ೧೯೦೧ರಲ್ಲಿ ಬಫಲೋ ನಗರದಲ್ಲಿಯೂ ಪ್ರದರ್ಶಿತವಾದುದು ಈ ಗಾರೆಯ ರೂಪ. ೧೯೯೭ರಿಂದ ಅದು ವಾಷಿಂಗ್‌ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿ ಪ್ರದರ್ಶನಕ್ಕಿದೆ. ನಮ್ಮ ವೀರಗಲ್ಲುಗಳಲ್ಲಿ ಮಡಿದವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರನ್ನು ಕಂಡ ಕನ್ನಡಿಗನಿಗೆ ಈ ದೇವತೆ ಅಪರಿಚಿತಳೆನಿಸಲಾರಳು. ಆದರೆ ಇಲ್ಲಿ ಅವಳು ಯಾರನ್ನೂ ಎತ್ತಿಕೊಳ್ಳದೆ ಸೈನಿಕರೊಡನೆ ಮುಂದೆ ಸಾಗುವಳು ಅಷ್ಟೆ. ಅದೇನೇ ಇರಲಿ, 'ಮೂಲ ಸ್ಥಿತಿ'ಗೆ ಶಿಲ್ಪವನ್ನು ಮರಳಿಸಬೇಕೆನ್ನುವವರು ಒಂದನ್ನು ಗಮನಿಸಬೇಕು: ಶಿಲ್ಪಿಯ ಮಟ್ಟಿಗೆ ೧೮೯೭ರ ರೂಪವೇ ಕಡೆಯ ಮಾತಾಗಿರಲಿಲ್ಲ.

೪

೧೮೯೭ರ ಮೇ ೩೧ರಂದು ಅನಾವರಣ ನಡೆಯಿತು. ದಳದ ಬದುಕುಳಿದ ಸೈನಿಕರು ಮುಪ್ಪಿನಲ್ಲಿ ಮತ್ತೊಮ್ಮೆ ಆ ಬೀದಿಯಲ್ಲಿ ನಡೆದರು. ಸಭೆಯಲ್ಲಿ ಮಾತನಾಡಿದವರಲ್ಲಿ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಒಬ್ಬನು, ಬುಕರ್ ವಾಷಿಂಗ್‌ಟನ್ ಇನ್ನೊಬ್ಬನು. ಜೇಮ್ಸನ ತಮ್ಮನು ಇದೇ ದಳದ ಅಧಿಕಾರಿಯಾಗಿದ್ದು ವಾಗ್ನರ್ ಕೋಟೆಯಲ್ಲಿ ಗಾಯಗೊಂಡಿದ್ದವನು. ಕೋಟೆಯ ಮೇಲೆ ದಳದ ಧ್ವಜವನ್ನು ನೆಲಕ್ಕೆ ಬೀಳಗೊಡದೆ ಕಾಪಾಡಿದ ಸಾರ್ಜಂಟ್ ವಿಲಿಯಂ ಕಾರ್ನಿ ವೇದಿಕೆಯ ಮೇಲೆ ಧ್ವಜ ಹಿಡಿದು ನಿಂತಾಗ ಸಭೆಯಲ್ಲಿ ಉಂಟಾದ ಹರ್ಷೋದ್ಗಾರವನ್ನು ವಾಷಿಂಗ್‌ಟನ್ ತನ್ನ ಆತ್ಮಚರಿತ್ರೆಯಲ್ಲಿ ವರ್ಣಿಸಿರುವನು. ಅದಕ್ಕೆ ಒಂದು ವರ್ಷ ಹಿಂದೆ, ೧೮೯೬ರಲ್ಲಿ, ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಏರ್ಪಾಡು ಮಾಡುವುದು ನ್ಯಾಯಸಮ್ಮತವೆಂದು ಆ ದೇಶದ ಪರಮೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಕಂಚಿನಲ್ಲಿ ಜೊತೆಯಾಗಿ ನಡೆದವರನ್ನು ರೈಲುಗಾಡಿಯಲ್ಲಿ ಬೇರೆ ಕೂರಿಸುವ ಕಾಲ ಅದು.

ಆ ಕಾಲದ ಮನಸ್ಸು ಸ್ಮಾರಕದ ಬರಹಗಳಲ್ಲಿಯೂ ಕಾಣುವುದು. ಹಿಂಬದಿಯ ಕಲ್ಲಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್ ರಚಿಸಿದ ಬರಹವಿದೆ. ಅದು ಕಪ್ಪು ಸೈನಿಕರ ಧೈರ್ಯವನ್ನು ಹೊಗಳುವುದು. ಆದರೆ ಅಂದು ಹೆಸರು ಹಿಡಿದು ಕೆತ್ತಿದುದು ಮಡಿದ ಬಿಳಿಯ ಅಧಿಕಾರಿಗಳನ್ನು ಮಾತ್ರ. ಮಡಿದ ಕಪ್ಪು ಸೈನಿಕರಿಗೆ ಗುಣವರ್ಣನೆ ಸಂದಿತು; ಹೆಸರು ಸಲ್ಲಲಿಲ್ಲ. ಮುಂಬದಿಯ ಕಂಚಿನ ಮೇಲಿರುವ ಲ್ಯಾಟಿನ್ ಧ್ಯೇಯವಾಕ್ಯವೂ ಇಂಥದೇ. ರಾಷ್ಟ್ರರಕ್ಷಣೆಗಾಗಿ ಸರ್ವಸ್ವವನ್ನೂ ತೊರೆದುದನ್ನು ಅದು ಹೇಳುವುದು. ಅದರ ಕ್ರಿಯಾಪದ ಏಕವಚನದಲ್ಲಿದೆ. ತೊರೆದವನು ಒಬ್ಬನೇ ಎಂದಾಯಿತು.

ಈ ಏಕವಚನವನ್ನು ಗಮನಿಸಿದವನು ಒಬ್ಬ ಕವಿ. ೧೯೬೦ರ ಸುಮಾರಿಗೆ ಬಾಸ್ಟನ್ ಕಾಮನ್ನಿನ ನೆಲದಡಿಯಲ್ಲಿ ಮೋಟಾರು ಗಾಡಿಗಳನ್ನು ನಿಲ್ಲಿಸುವ ತಾಣಕ್ಕಾಗಿ ಭಾರಿ ಅಗೆತ ನಡೆಯಿತು. ರಾಬರ್ಟ್ ಲೋವೆಲ್ 'ಫಾರ್ ದಿ ಯೂನಿಯನ್ ಡೆಡ್' ಎಂಬ ಕವಿತೆಯನ್ನು ಬರೆದು ೧೯೬೦ರ ಜೂನ್‌ನಲ್ಲಿ ಆ ನಗರದ ಕಲೋತ್ಸವದಲ್ಲಿ ಓದಿದನು. ಆ ಅಗೆತದ ಅದಿರಾಟಕ್ಕೆ ಸಿಕ್ಕಿ ಮರದ ಆಸರೆಯ ಮೇಲೆ ನಿಂತ ಷಾ ಸ್ಮಾರಕ ಅದರ ಕೇಂದ್ರದಲ್ಲಿದೆ. ಕವಿತೆಯ ತಲೆಯಲ್ಲಿ ಸ್ಮಾರಕದ ಲ್ಯಾಟಿನ್ ವಾಕ್ಯವನ್ನೇ ಇಟ್ಟು, ಕ್ರಿಯಾಪದವನ್ನು ಮಾತ್ರ ಬಹುವಚನಕ್ಕೆ ತಿರುಗಿಸಿರುವನು. 'ಅವನು' ಎಂಬುದು 'ಅವರು' ಎಂದಾಗಿದೆ. ಇದಕ್ಕೆ ಟಿಪ್ಪಣಿಯಿಲ್ಲ, ವಾದವಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಮನನ ಮಾಡಬೇಕು: ವ್ಯಾಕರಣದ ಒಂದು ಪ್ರತ್ಯಯದಿಂದ ಸ್ಮಾರಕವೊಂದರ ಅರ್ಥ ಪಲ್ಲಟವಾಯಿತು.

ಕವಿ ಭಾಷೆಯಲ್ಲಿ ಮಾಡಿದುದನ್ನು ನಗರವು ಕಲ್ಲಿನಲ್ಲಿ ಮಾಡಲು ಇನ್ನೂ ಎರಡು ದಶಕಗಳು ಹಿಡಿದುವು. ೧೯೭೦ರ ದಶಕದಲ್ಲಿ ಶಾಲಾಮಕ್ಕಳನ್ನು ವರ್ಣಭೇದವಿಲ್ಲದೆ ಕೂಡಿಸುವ ವಿಷಯದಲ್ಲಿ ಬಾಸ್ಟನ್ ನಗರವೇ ಕಲಹದಲ್ಲಿ ಬೆಂದಿತ್ತು. ಅದರ ತರುವಾಯ ನಡೆದ ಜೀರ್ಣೋದ್ಧಾರದ ಸಂದರ್ಭದಲ್ಲಿ, ೧೯೮೨ರಲ್ಲಿ, ಮಡಿದ ಅರುವತ್ತಕ್ಕೂ ಮಿಕ್ಕ ಕಪ್ಪು ಸೈನಿಕರ ಹೆಸರುಗಳನ್ನು ಹಿಂಬದಿಯ ಕಲ್ಲಿನಲ್ಲಿ ಕೆತ್ತಲಾಯಿತು. ಯುದ್ಧ ನಡೆದು ಆಗ ೧೧೯ ವರ್ಷಗಳಾಗಿದ್ದುವು.

೫

೨೦೨೦ರ ಜೀರ್ಣೋದ್ಧಾರದ ಕಾರಣ ಬೇರೆ. ಒಳಕ್ಕೆ ಇಳಿದ ನೀರು ಕಟ್ಟಡವನ್ನು ತಿನ್ನುತ್ತಿತ್ತು. ತಳಪಾಯವೂ ಭೂಕಂಪದಂಥ ಆಘಾತವನ್ನು ತಡೆಯುವಂತಿರಲಿಲ್ಲ. ಷಾನ ಕೈಯ ಕತ್ತಿಯಂತೂ ಹಿಂದೆ ಹಲವು ಬಾರಿ ಕಿಡಿಗೇಡಿಗಳಿಂದ ಮುರಿದುಹೋಗಿತ್ತು. ರಾಷ್ಟ್ರೀಯ ಉದ್ಯಾನ ಇಲಾಖೆ, ಬಾಸ್ಟನ್ ನಗರಾಡಳಿತ, ಉದ್ಯಾನದ ಮಿತ್ರರ ಸಂಘ, ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯ, ಈ ನಾಲ್ವರೂ ಸೇರಿ ಕೆಲಸವನ್ನು ಕೈಗೊಂಡರು. ೨೦೨೦ರ ಆಗಸ್ಟಿನಲ್ಲಿ ಕಂಚನ್ನು ಇಡಿಯಾಗಿ ಕಳಚಿ ಸಮೀಪದ ವೋಬರ್ನ್ ಊರಿನ ಕಾರ್ಯಾಗಾರಕ್ಕೆ ಸಾಗಿಸಿದರು. ಕಲ್ಲುಗಳನ್ನು ಬಿಚ್ಚಿ, ಹೊಸ ಕಾಂಕ್ರೀಟು ತಳಪಾಯ ಹಾಕಿ, ೨೦೨೧ರಲ್ಲಿ ಎಲ್ಲವನ್ನೂ ಮತ್ತೆ ಕೂಡಿಸಿದರು. ೨೦೨೨ರ ಜೂನ್ ೧ರಂದು ಪುನರರ್ಪಣೆಯಾಯಿತು. ಕುಶಲತೆಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಕೆಲಸ.

ಆದರೆ ಆ ವರ್ಷ ನಡೆದ ಬೇರೆ ಎರಡು ಘಟನೆಗಳು ನಮ್ಮ ವಿಚಾರಕ್ಕೆ ಹೆಚ್ಚು ಸಂಬಂಧಪಟ್ಟಿವೆ. ಮಿನಿಯಾಪೊಲಿಸ್ಸಿನಲ್ಲಿ ಪೋಲೀಸಿನವನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತುದರ ವಿರುದ್ಧ ದೇಶವೆಲ್ಲ ಪ್ರತಿಭಟನೆ ನಡೆಯುತ್ತಿದ್ದಾಗ, ಮೇ ೩೧ರ ರಾತ್ರಿ, ಅಂದರೆ ಅನಾವರಣವಾಗಿ ಸರಿಯಾಗಿ ೧೨೩ ವರ್ಷ ತುಂಬಿದ ದಿನ, ಸ್ಮಾರಕದ ಹಿಂಬದಿಯ ಮೇಲೆ ಯಾರೋ ಬಣ್ಣದಿಂದ ಗೀಚಿದರು. ಮುಂಬದಿಯ ಕಂಚಿಗೆ ಹಲಗೆಗಳ ಹೊದಿಕೆಯಿದ್ದಿತು. ಗೀಚಿಗೆ ಒಳಗಾದುದು ಹೆಸರುಗಳಿದ್ದ ಬದಿ. ಅದೇ ವರ್ಷದ ಡಿಸೆಂಬರಿನಲ್ಲಿ, ಮಂಡಿಯೂರಿದ ಮನುಷ್ಯನಿದ್ದ ಬಾಲ್‌ನ ಶಿಲ್ಪದ ಪ್ರತಿಯನ್ನು ಬಾಸ್ಟನ್ ನಗರವು ತನ್ನ ಚೌಕದಿಂದ ತೆಗೆಸಿಹಾಕಿತು. ಒಂದೇ ನಗರ, ಒಂದೇ ವರ್ಷದಲ್ಲಿ, ಒಂದೇ ಯುದ್ಧದಿಂದ ಹುಟ್ಟಿದ ಎರಡು ಶಿಲ್ಪಗಳಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಗಟ್ಟಿಗೊಳಿಸಿತು. ವಾಷಿಂಗ್‌ಟನ್ನಿನ ಮೂಲಶಿಲ್ಪಕ್ಕೆ ಹಣ ಕೊಟ್ಟವರಲ್ಲಿ ಬಹುಮಂದಿ ವಿಮುಕ್ತ ದಾಸರೇ ಎಂಬುದನ್ನು ನೆನೆದರೆ ಈ ನಿರ್ಣಯ ಸುಲಭವಾದುದಲ್ಲವೆಂಬುದು ತಿಳಿಯುವುದು. ಆದರೂ ಎರಡಕ್ಕೂ ಇರುವ ಅಂತರ ಶಿಲ್ಪದಲ್ಲಿಯೇ ಇದೆ. ಬಾಲ್‌ನ ರಚನೆಯಲ್ಲಿ ದೋಷ ಭಂಗಿಯಲ್ಲಿರುವುದು. ಭಂಗಿಯನ್ನು ತಿದ್ದಿದರೆ ಶಿಲ್ಪವೇ ಉಳಿಯುವುದಿಲ್ಲ. ಸೇಂಟ್-ಗಾಡನ್ಸನ ರಚನೆಯಲ್ಲಿ ಕೊರತೆಯಿದೆ. ಕೊರತೆಯನ್ನು ತುಂಬಲು ಸ್ಥಳವೂ ಇದೆ.

೬

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ೧೯೮೨ರಲ್ಲಿ ಹೆಸರುಗಳನ್ನು ಕೆತ್ತಿದುದು ಜೀರ್ಣೋದ್ಧಾರವೆ, ಅಥವಾ ಹೊಸ ಸೇರ್ಪಡೆಯೆ? ಪುರಾತನ ವಸ್ತುಗಳ ಸಂರಕ್ಷಣೆಯ ಕಟ್ಟುನಿಟ್ಟಿನ ನಿಯಮದಂತೆ ನೋಡಿದರೆ ಸೇರ್ಪಡೆ. ೧೮೯೭ರಲ್ಲಿ ಇಲ್ಲದುದನ್ನು ಉದ್ಧರಿಸುವುದೆಂದರೇನು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರತಿಯೊಂದು ತಲೆಮಾರೂ ತನಗೆ ತೋಚಿದುದನ್ನು ಹಳೆಯ ಶಿಲ್ಪದ ಮೇಲೆ ಬರೆಯಹೊರಟರೆ ಶಿಲ್ಪ ಉಳಿಯುವುದಿಲ್ಲ. ಆದರೆ ಸ್ಮಾರಕದ ಮೂಲವನ್ನು ನಾವು ೧೮೯೭ರಲ್ಲಿಯೇ ಏಕೆ ಹುಡುಕಬೇಕು? ಅದರ ಮೂಲ ೧೮೬೩ರಲ್ಲಿದೆ; ಹಣ ಕೂಡಿಸಿದ ಸೈನಿಕರಲ್ಲಿದೆ; ಮಗನನ್ನು ಸೈನಿಕರಿಂದ ಬೇರ್ಪಡಿಸಬೇಡಿರೆಂದ ತಂದೆಯ ಮಾತಿನಲ್ಲಿದೆ. ಹಳ್ಳದಲ್ಲಿ ಜೊತೆಯಾಗಿ ಮಲಗಿದವರನ್ನು ಕಲ್ಲು ಬೇರ್ಪಡಿಸಿತು. ೧೯೮೨ರ ಉಳಿ ಅವರನ್ನು ಮತ್ತೆ ಕೂಡಿಸಿತು. ಈ ಅರ್ಥದಲ್ಲಿ ಅದು ಸೇರ್ಪಡೆಗಿಂತ ಹೆಚ್ಚಾಗಿ ಜೀರ್ಣೋದ್ಧಾರವೇ. ಮೇಲಾಗಿ, ಅದು ಶಿಲ್ಪಿಯ ಕಂಚನ್ನು ಮುಟ್ಟಲಿಲ್ಲ. ಬರಹವಿದ್ದ ಕಡೆ ಬರಹವನ್ನೇ ಸೇರಿಸಿತು. ಕಲೆಗೆ ಸಲ್ಲಬೇಕಾದುದನ್ನು ಕಲೆಗೂ ಸತ್ತವರಿಗೆ ಸಲ್ಲಬೇಕಾದುದನ್ನು ಸತ್ತವರಿಗೂ ಸಲ್ಲಿಸುವ ವಿವೇಕ ಇಲ್ಲಿ ಕಾಣುವುದು.

ಇಷ್ಟಾದರೂ ಕೊರತೆ ಪೂರ್ಣವಾಗಿ ನೀಗಿತೆಂದು ಹೇಳಲಾರೆವು. ಬೀದಿಯಲ್ಲಿ ನಿಂತು ನೋಡುವವನಿಗೆ ಕಾಣುವುದು ಮುಂಬದಿ. ಅಲ್ಲಿರುವುವು ಹೆಸರಿಲ್ಲದ ಮುಖಗಳು. ಉದ್ಯಾನದ ಕಡೆಗೆ ಇಳಿದುಹೋದವನಿಗೆ ಕಾಣುವುದು ಹಿಂಬದಿ. ಅಲ್ಲಿರುವುವು ಮುಖವಿಲ್ಲದ ಹೆಸರುಗಳು. ಯಾವ ಜೀರ್ಣೋದ್ಧಾರವೂ ಇವೆರಡನ್ನು ಒಂದುಗೂಡಿಸಲಾರದು. ಮಡಿದವರ ಮುಖಗಳು ಶಿಲ್ಪಿಯ ಮುಂದೆ ಎಂದೂ ಇರಲಿಲ್ಲ. ಹಾಗೆ ಒಂದುಗೂಡಿಸಲು ಹೊರಡದಿದ್ದುದೇ ಈ ಕೆಲಸದ ಪ್ರಾಮಾಣಿಕತೆ. ಹತ್ತೊಂಬತ್ತನೆಯ ಶತಮಾನ ಕಂಡುದೆಷ್ಟು, ಕಾಣದೆ ಹೋದುದೆಷ್ಟು ಎಂಬುದನ್ನು ಸ್ಮಾರಕದ ಎರಡು ಬದಿಗಳು ಈಗ ಒಟ್ಟಿಗೆ ಹೇಳುತ್ತಿವೆ. ಆ ಶಿಲ್ಪವನ್ನು ಅಭ್ಯಸಿಸುವವರು ಅದರ ಸುತ್ತ ಒಮ್ಮೆ ನಡೆದು ಎರಡು ಬದಿಗಳನ್ನೂ ನೋಡಿ ಬರಬೇಕಾದುದು ಆದುದರಿಂದಲೇ ಅವಶ್ಯಕ.